ತೂತು ಮುಚ್ಚುವಂತಿತ್ತು, ಟೈರ್ ಉಳಿಯುವಂತಿರಲಿಲ್ಲ: ಒಂದು ಪಂಕ್ಚರ್ ಪ್ರಕರಣ

ಟ್ಯೂಬ್‌ಲೆಸ್ ಟೈರ್ ಪಂಕ್ಚರ್ ಆದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಮೊಳೆಯ ಕಡೆಗೆ. ಎಲ್ಲಿ ಚುಚ್ಚಿದೆ, ಎಷ್ಟು ದಪ್ಪ, ಕಿತ್ತರೆ ಗಾಳಿ ಎಷ್ಟು ಜೋರಾಗಿ ಬರುತ್ತದೆ. ಈ ಪ್ರಕರಣದಲ್ಲಿ ಒಂದೇ ಟೈರಿಗೆ ಮೂರು ಕಡೆ ಮೂರು ತೀರ್ಪು ಸಿಕ್ಕಿದವು: ರಸ್ತೆಬದಿಯಲ್ಲಿ ‘ಆಗುತ್ತೆ’, ಶೋರೂಮಿನಲ್ಲಿ ‘ಆಗಲ್ಲ’, ಮೂರನೆಯ ಕಡೆ ‘ಬಿಚ್ಚಿ ನೋಡದೆ ಹೇಳಲ್ಲ’. ಟೈರ್ ಕೊನೆಗೆ ಗುಜರಿಗೇ ಹೋಯಿತು. ಆದರೆ ಹೋದ ಕಾರಣ ಮೊದಲ ಇಬ್ಬರೂ ನೋಡದ ಜಾಗದಲ್ಲಿತ್ತು. ಗಾಡಿಯವರ, ಅಂಗಡಿಗಳ ಮತ್ತು ಟೈರ್ ಕಂಪನಿಯ ಹೆಸರುಗಳನ್ನು ಇಲ್ಲಿ ಬಿಡಲಾಗಿದೆ.

ಗಾಡಿ ಮತ್ತು ದಾರಿ

ಗಾಡಿ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಟೈರಿನ ಅಳತೆ 195/55 ಆರ್16 87ವಿ. ಇದರಲ್ಲಿ 87 ಎಂದರೆ ಒಂದು ಟೈರ್ ಹೊರಬಲ್ಲ ಗರಿಷ್ಠ ಭಾರ 545 ಕೆ.ಜಿ.; ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗದ ಮಿತಿ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ 2321 ಎಂಬ ನಾಲ್ಕು ಅಂಕಿ ಇತ್ತು. ಅಂದರೆ 2021ರ 23ನೇ ವಾರದ ತಯಾರಿಕೆ. ಘಟನೆಯ ಹೊತ್ತಿಗೆ ಟೈರಿಗೆ ಮೂರು ವರ್ಷ, ಓಡಿದ್ದು 31,000 ಕಿ.ಮೀ. ಹಿಂದಿನ ಎರಡರಲ್ಲಿ ಟ್ರೆಡ್‌ನ (ರಸ್ತೆಗೆ ತಾಗುವ ಮೈ) ಗೀರುಗಳ ಆಳ ಸುಮಾರು 4.2 ಮಿ.ಮೀ., ಮುಂದಿನವುಗಳಲ್ಲಿ 3.7. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಆದ್ದರಿಂದ ‘ಹೇಗೂ ಸವೆದಿದೆ, ಬದಲಿಸಿಬಿಡಿ’ ಎನ್ನುವಷ್ಟು ಹಳೆಯ ಟೈರ್ ಇದಾಗಿರಲಿಲ್ಲ. ರಿಪೇರಿ ಸರಿಯಾಗಿ ಆದರೆ ಇನ್ನೂ ಒಂದು ಒಂದೂವರೆ ವರ್ಷ ಆರಾಮಾಗಿ ಓಡುವಂಥದ್ದು.

ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಪ್ರಕಾರ ನಾಲ್ಕೂ ಚಕ್ರಕ್ಕೆ ಗಾಳಿಯ ಒತ್ತಡ 33 ಪಿಎಸ್‌ಐ. ಟೈರಿನ ಗಾಳಿ ಇಳಿದರೆ ಎಚ್ಚರಿಸುವ ಟಿಪಿಎಂಎಸ್ ಈ ಗಾಡಿಯಲ್ಲಿ ಇರಲಿಲ್ಲ.

ಮಳೆಗಾಲದ ಒಂದು ಭಾನುವಾರ. ದಾವಣಗೆರೆಯಲ್ಲಿ ಮದುವೆ ಮುಗಿಸಿ ನಾಲ್ವರು ದೊಡ್ಡವರು, ಡಿಕ್ಕಿ ತುಂಬ ಲಗೇಜು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನ ಕಡೆ ಹೊರಟಿದ್ದರು. ಹಿರಿಯೂರಿನಲ್ಲಿ ತಿಂಡಿ ತಿಂದು ಹೊರಟ ಮೇಲೆ ಲೇನ್ ಬದಲಿಸುವಾಗ ಗಾಡಿಯ ಹಿಂಭಾಗ ಸ್ವಲ್ಪ ತೇಲಿದ ಹಾಗೆ ಅನ್ನಿಸಿತಂತೆ. ಲೋಡ್ ಜಾಸ್ತಿ ಇದೆ, ಅದಕ್ಕೇ ಇರಬೇಕು ಎಂದುಕೊಂಡರು. ಮುಂದಿನ ಚಕ್ರದಲ್ಲಿ ಗಾಳಿ ಇಳಿದರೆ ಸ್ಟೀರಿಂಗ್ ಒಂದು ಕಡೆ ಎಳೆದು ತಕ್ಷಣ ಗೊತ್ತು ಮಾಡುತ್ತದೆ. ಹಿಂದಿನ ಚಕ್ರದಲ್ಲಿ ಇಳಿದರೆ ಇಷ್ಟೇ ಸುಳಿವು ಸಿಗುವುದು. ಶಿರಾ ಹತ್ತಿರ ಬರುವಾಗ ಪಕ್ಕದಲ್ಲಿ ಸಾಗುತ್ತಿದ್ದ ಬೈಕಿನವನು ಹಿಂದಿನ ಚಕ್ರದ ಕಡೆ ಕೈ ತೋರಿಸಿದ. ಬಂಕ್‌ಗೆ ತಂದು ಗೇಜ್ ಹಾಕಿದರೆ ಎಡಗಡೆ ಹಿಂದಿನ ಟೈರಿನಲ್ಲಿ 11 ಪಿಎಸ್‌ಐ. ಅದೂ ಓಡಿ ಬಿಸಿಯಾದ ಟೈರಿನಲ್ಲಿ. ತಣ್ಣಗಿದ್ದಿದ್ದರೆ ಇನ್ನೂ ಕಡಿಮೆ ತೋರಿಸುತ್ತಿತ್ತು.

ಇಲ್ಲಿ ಕಣ್ಣು ಯಾಕೆ ಮೋಸ ಹೋಗುತ್ತದೆ ಎಂದು ಹೇಳಲೇಬೇಕು. 55 ಪ್ರೊಫೈಲಿನ (ಅಂದರೆ ಎತ್ತರ ಅಗಲದ ಶೇ. 55) ಟೈರಿನ ಸೈಡ್‌ವಾಲ್ ಎತ್ತರ ಕೇವಲ 107 ಮಿ.ಮೀ. ಹಳೆಯ 80 ಪ್ರೊಫೈಲ್ ಟೈರುಗಳಲ್ಲಿ ಗಾಳಿ ಅರ್ಧ ಇಳಿದರೆ ಹೊಟ್ಟೆ ಜೋಲುಬಿದ್ದು ದೂರದಿಂದಲೇ ಕಾಣುತ್ತಿತ್ತು. ಇವುಗಳಲ್ಲಿ 20 ಪಿಎಸ್‌ಐಗೆ ಬಂದರೂ ‘ಸ್ವಲ್ಪ ಕಮ್ಮಿ ಇದೆಯೇನೋ’ ಎನ್ನುವಷ್ಟೇ. ತಿಂಡಿ ತಿಂದು ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿದ್ದರೂ ಹಿಡಿಯುವುದು ಕಷ್ಟವಿತ್ತು.

ಮೊದಲ ತೀರ್ಮಾನ: ಸ್ಟ್ರಿಪ್

ಟ್ರೆಡ್‌ನಲ್ಲಿ ಆರು ಮೂಲೆ ತಲೆಯ ಸ್ಕ್ರೂ ಹೊಕ್ಕಿತ್ತು. ಮನೆ ಮೇಲೆ ಶೀಟ್ ಹೊದಿಸುವಾಗ ಡ್ರಿಲ್ ಮೆಷಿನ್ನಿನಲ್ಲಿ ಹೊಡೆಯುತ್ತಾರಲ್ಲ, ಅದೇ. ಸಾಮಾನ್ಯವಾಗಿ 5.5 ಮಿ.ಮೀ. ದಪ್ಪ, ಮೊನೆ ಡ್ರಿಲ್ ಬಿಟ್ಟಿನಂತೆ ಇರುತ್ತದೆ. ಕಟ್ಟಡ ಕೆಲಸ ನಡೆಯುವ ಕಡೆ ಟೈರಿಗೆ ಇದರಷ್ಟು ಕೆಟ್ಟ ಶತ್ರು ಇನ್ನೊಂದಿಲ್ಲ. ಮೊಳೆ ಟ್ರೆಡ್ ಅಡಿಯ ಉಕ್ಕಿನ ಎಳೆಗಳ ನಡುವೆ ಜಾಗ ಮಾಡಿಕೊಂಡು ಹೋಗುವುದೂ ಉಂಟು. ಇದರ ಮೊನೆ ಮತ್ತು ತಿರುಪಿನ ಮರೆಗಳು ಕೊರೆದುಕೊಂಡೇ ಹೋಗುತ್ತವೆ.

ಎರಡು ದಾರಿ ಇತ್ತು. ಸ್ಟೆಪ್ನಿ ಹಾಕುವುದು ಅಥವಾ ಪಕ್ಕದಲ್ಲೇ ಇದ್ದ ಪಂಕ್ಚರ್ ಅಂಗಡಿಗೆ ಒಯ್ಯುವುದು. ಸ್ಟೆಪ್ನಿ 185/65 ಆರ್15, ಉಕ್ಕಿನ ರಿಮ್, ‘ಗರಿಷ್ಠ 80 ಕಿ.ಮೀ.’ ಎಂಬ ಸ್ಟಿಕ್ಕರ್. (ಅಗಲ ಕಡಿಮೆಯಾದರೂ ಸುತ್ತಿನ ಒಟ್ಟು ಎತ್ತರ 621 ಮಿ.ಮೀ. ಆಸುಪಾಸು, ಮೂಲ ಟೈರಿನಷ್ಟೇ. ಆದ್ದರಿಂದ ತಾತ್ಕಾಲಿಕವಾಗಿ ಹಾಕಿದರೆ ಗಾಡಿ ವಾಲುವುದಿಲ್ಲ.) ಆದರೆ ಅದು ಲಗೇಜಿನ ಅಡಿಯಲ್ಲಿತ್ತು, ಅದರಲ್ಲೂ ಗಾಳಿ 18 ಪಿಎಸ್‌ಐಗೆ ಇಳಿದಿತ್ತು, ಮೇಲೆ ಮಳೆ. ಅಂಗಡಿಯವನು, “ಬಿಚ್ಚೋದೇನೂ ಬೇಡ ಸಾರ್, ಗಾಡೀಲೇ ಹಾಕ್ಕೊಡ್ತೀನಿ, ಹತ್ತು ನಿಮಿಷ” ಅಂದ. ಗಾಡಿಯವರು ಒಪ್ಪಿದರು.

ಮಾಡಿದ್ದು ಎಲ್ಲ ಕಡೆ ಮಾಡುವುದೇ. ಇಕ್ಕಳದಿಂದ ಸ್ಕ್ರೂ ಕಿತ್ತು, ಒರಟು ಗರಗಸದಂಥ ರೀಮರ್ ತೂರಿಸಿ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ, ಅಂಟು ಹಚ್ಚಿದ ದಪ್ಪ ದಾರದಂಥ ಸ್ಟ್ರಿಪ್ಪನ್ನು ಸೂಜಿಗೆ ಪೋಣಿಸಿ ಒಳಕ್ಕೆ ತಳ್ಳಿ ಸೂಜಿಯನ್ನು ಒಂದೇ ಸಲಕ್ಕೆ ಎಳೆದು, ಹೊರಗುಳಿದ ಬಾಲ ಕತ್ತರಿಸಿ, 33 ಪಿಎಸ್‌ಐ ತುಂಬಿದ. 150 ರೂಪಾಯಿ. ಅಲ್ಲಿಂದ ಬೆಂಗಳೂರಿನವರೆಗೆ ಗಾಡಿ 90-100ರಲ್ಲಿ ಬಂತು. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದರಿಂದ ಸ್ಟ್ರಿಪ್ ಸರಿಯಾದ ಆಯ್ಕೆಯಾಗಿತ್ತು ಎಂದಾಗುವುದಿಲ್ಲ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಅಂಗಡಿ ತಲುಪುವವರೆಗೆ ಅದು ಪರವಾಗಿಲ್ಲ. ಆದರೆ ಅದು ಮುಚ್ಚುವುದು ತೂತಿನ ಕೊಳವೆಯನ್ನು ಮಾತ್ರ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಒಳಮೈಗೆ ಅಂಟಿಕೊಂಡಿರುವ ಲೈನರ್ ಎಂಬ ತೆಳು ಪದರ. ಸ್ಟ್ರಿಪ್ ಅದನ್ನು ಮುಚ್ಚುವುದಿಲ್ಲ. ಲೈನರ್ ದಾಟಿದ ಗಾಳಿ ನೇರ ಹೊರಗೆ ಬರಬೇಕೆಂದೇನೂ ಇಲ್ಲ, ಪದರಗಳ ನಡುವೆಯೂ ನುಗ್ಗಬಹುದು. ಹೊರಗಿನಿಂದ ಮಳೆನೀರು ಇಳಿದರೆ ಆ ಉಕ್ಕಿನ ಎಳೆಗಳ ಬೆಲ್ಟ್ ತುಕ್ಕು ಹಿಡಿದು ರಬ್ಬರಿನಿಂದ ಬಿಡಿಸಿಕೊಳ್ಳತೊಡಗುತ್ತದೆ. ರೀಮರನ್ನು ಸ್ಕ್ರೂ ಹೊಕ್ಕ ಓರೆಯಲ್ಲೇ ತೂರಿಸದೆ ನೆಟ್ಟಗೆ ತಳ್ಳಿದರೆ ಒಳಗೆ ಎರಡನೆಯ ದಾರಿಯೇ ಆಗಿಬಿಡುತ್ತದೆ. ಈ ಅಂಗಡಿಯವನ ಕೈ ಚೆನ್ನಾಗಿತ್ತು ಎನ್ನಬೇಕು, ಹಾಗಾಗಿರಲಿಲ್ಲ.

ಆ ದಿನ ಎಲ್ಲರೂ ಮರೆತ ಒಂದು ಸಂಗತಿ ಇದೆ. ಬಂಕ್‌ನಲ್ಲಿ ಗಾಡಿಯವರು ಟೈರ್ ಮುಟ್ಟಿದಾಗ ಸೈಡ್‌ವಾಲ್ ಕೈ ಇಡಲಾಗದಷ್ಟು ಬಿಸಿ ಇತ್ತು. ಉಳಿದ ಮೂರು ಸುಮ್ಮನೆ ಬೆಚ್ಚಗಿದ್ದವು. ಮುಂದಿನ ಮಾತೆಲ್ಲ ಸ್ಕ್ರೂ ಬಗ್ಗೆಯೇ ನಡೆಯಿತು.

ಸಮಸ್ಯೆ ಮತ್ತೆ ತಲೆ ಎತ್ತಿತು

ವಾರದೊಳಗೆ 33 ಇದ್ದದ್ದು 29ಕ್ಕೆ ಬಂತು. ತುಂಬಿಸಿದರು, ಮತ್ತೆ ಇಳಿಯಿತು. ವಾಲ್ವ್ ಹಾಳಾಗಿದೆ ಎಂಬ ಅನುಮಾನದಿಂದ ಅದನ್ನು ಬದಲಿಸಲು ಹೊರಟವರಿಗೆ ಪರಿಚಯದವರೊಬ್ಬರು ಸೋಪಿನ ನೀರು ಹಾಕಿ ನೋಡಲು ಹೇಳಿದರು. ಸರಿಯಾದ ಸಲಹೆ. ವಾಲ್ವ್ ಬಾಯಿ, ವಾಲ್ವ್ ಬುಡ, ರಿಮ್ ಮತ್ತು ಟೈರ್ ಕೂಡುವ ಎರಡೂ ಅಂಚು, ಕೊನೆಗೆ ಟ್ರೆಡ್, ಹೀಗೆ ಐದು ಕಡೆ ಸುರಿದು ಒಂದೆರಡು ನಿಮಿಷ ಕಾಯಬೇಕು. ಸಣ್ಣ ಸೋರಿಕೆಯಲ್ಲಿ ದೊಡ್ಡ ಗುಳ್ಳೆ ಬರುವುದಿಲ್ಲ, ಸಾಸಿವೆಗಿಂತ ಚಿಕ್ಕ ನೊರೆ ನಿಧಾನಕ್ಕೆ ಕಟ್ಟುತ್ತದೆ. ಸ್ಟ್ರಿಪ್ ಸುತ್ತಲೇ ಆ ನೊರೆ ಕಾಣಿಸಿತು.

ಮೊದಲು ಹೋದದ್ದು ಮನೆ ಹತ್ತಿರದ ಟೈರ್ ಶೋರೂಮಿಗೆ. ಅಲ್ಲಿನವರು ಚಕ್ರವನ್ನು ಬಿಚ್ಚದೆ, ಬಗ್ಗಿ ನೋಡಿ ಹೇಳಿದರು: “ಇದು ಶೋಲ್ಡರ್‌ಗೆ ಬಂದಿದೆ ಸಾರ್, ಪ್ಯಾಚ್ ನಿಲ್ಲಲ್ಲ. ಹಿಂದಿನ ಎರಡೂ ಹೊಸದು ಹಾಕಿಸ್ಕೊಳ್ಳಿ.” ಒಂದು ಟೈರಿನ ತೂತಿಗೆ ಎರಡು ಟೈರ್ ಮಾರುತ್ತಿದ್ದಾರೆ ಅನ್ನಿಸಿದ್ದು ಸಹಜ. ಗಾಡಿಯವರು ಹಣ ಕೊಡದೆ ಹೊರಬಂದರು.

ಕಾರಣ ಅನುಮಾನವಾದರೂ ಮಾಡಿದ ಕೆಲಸ ಸರಿಯೇ. ಶೋಲ್ಡರ್, ಅಂದರೆ ಟ್ರೆಡ್ ಸೈಡ್‌ವಾಲಿಗೆ ತಿರುಗುವ ಅಂಚು, ಕಣ್ಣಳತೆಯಲ್ಲಿ ಹೇಳುವ ವಿಷಯವಲ್ಲ, ಟೇಪ್ ಹಿಡಿದು ಅಳೆಯುವಂಥದ್ದು. ಬ್ರಿಟನ್ನಿನ ಬಿಎಸ್ ಎಯು 159 ಮಾನದಂಡ ಕಾರಿನ ಟೈರಿನಲ್ಲಿ ಸಣ್ಣ ರಿಪೇರಿಗೆ ಬಿಡುವುದು ಟ್ರೆಡ್ ಅಗಲದ ನಡುವಿನ ಮುಕ್ಕಾಲು ಭಾಗವನ್ನು, ತೂತು 6 ಮಿ.ಮೀ. ಮೀರದಿದ್ದರೆ. ಅಮೆರಿಕದ ಟೈರ್ ತಯಾರಕರ ಸಂಘವೂ ಕಾಲು ಇಂಚನ್ನೇ, ಅಂದರೆ ಹೆಚ್ಚುಕಡಿಮೆ ಅದೇ 6 ಮಿ.ಮೀ.ಯನ್ನೇ ಮಿತಿ ಎನ್ನುತ್ತದೆ. ಶೋಲ್ಡರ್ ಮತ್ತು ಸೈಡ್‌ವಾಲ್‌ನಲ್ಲಿ ಇಂಥ ಸಣ್ಣ ರಿಪೇರಿ ಈ ಎರಡೂ ನಿಯಮಗಳ ಪ್ರಕಾರ ನಿಷಿದ್ಧ. ಅಲ್ಲಿ ಟೈರ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಪ್ಯಾಚ್ ಎಷ್ಟೇ ಒಳ್ಳೆಯದಾದರೂ ಅಂಚಿನಿಂದ ಏಳುತ್ತದೆ.

ಬಿಚ್ಚಿ ನೋಡಿದ ಕಡೆ

ಮೂರನೆಯ ಜಾಗ ವೀಲ್ ಅಲೈನ್‌ಮೆಂಟ್ ಮತ್ತು ಟೈರ್ ರಿಪೇರಿ ಎರಡೂ ಮಾಡುವ ವರ್ಕ್‌ಶಾಪ್. ಇಬ್ಬರು ಕೆಲಸಗಾರರು, ಒಬ್ಬ ಹುಡುಗ, ಒಬ್ಬರು ಹಿರಿಯರು. ಗಾಡಿಯನ್ನು ಲಿಫ್ಟ್‌ಗೆ ಏರಿಸಿ ಮೊದಲು ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ ನೋಡಿದರು. ಬಲಗಡೆ ಮುಂದಿನ ಟೈರಿನ ನಡುಮಧ್ಯದಲ್ಲಿ ತಲೆ ಸವೆದು ಹೊಳೆಯುತ್ತಿದ್ದ ಒಂದು ಸಣ್ಣ ಮೊಳೆ ಸಿಕ್ಕಿತು. ಗಾಡಿಯವರಿಗೆ ಅದು ಗೊತ್ತೇ ಇರಲಿಲ್ಲ. ಗೇಜ್‌ನಲ್ಲಿ 30 ಪಿಎಸ್‌ಐ. ಎರಡೂ ಚಕ್ರ ಇಳಿಸಿದರು. ಈ ಎರಡನೆಯ ಮೊಳೆ ಮುಂದೆ ತುಂಬ ಉಪಯೋಗಕ್ಕೆ ಬಂತು.

ಹಿಂದಿನ ಟೈರಿನ ಟ್ರೆಡ್ ಅಗಲ ಅಳೆದರೆ 164 ಮಿ.ಮೀ. ನಡುವಿನ ಮುಕ್ಕಾಲು ಭಾಗ 123. ಎಂದರೆ ಎರಡೂ ಅಂಚಿನಲ್ಲಿ ತಲಾ 20.5 ಮಿ.ಮೀ. ಬಿಡಬೇಕು. ಸ್ಟ್ರಿಪ್ ಇದ್ದದ್ದು ಹೊರಗಿನ ಅಂಚಿನಿಂದ 34 ಮಿ.ಮೀ. ಒಳಗೆ. ಶೋರೂಮಿನ ‘ಶೋಲ್ಡರ್’ ಅಲ್ಲಿಗೆ ಬಿದ್ದುಹೋಯಿತು.

ವಾಲ್ವ್ ಪಕ್ಕ ಒಂದು, ತೂತಿನ ಪಕ್ಕ ಒಂದು ಚಾಕ್‌ಪೀಸ್ ಗುರುತು ಹಾಕಿ, ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟು, ಮೆಷಿನ್ನಿನಲ್ಲಿ ರಿಮ್ ಬಿಡಿಸಿದರು. ಒಳಗಿನಿಂದ ಸ್ಟ್ರಿಪ್ ಕಿತ್ತು ಸಪೂರ ಕಡ್ಡಿ ತೂರಿಸಿ ಕೋನ ನೋಡಿದರೆ ಸುಮಾರು 20 ಡಿಗ್ರಿ ಓರೆ. ಒಳಬಾಯಿ ಹೊರಬಾಯಿಗಿಂತ 4 ಮಿ.ಮೀ.ಯಷ್ಟು ಅಂಚಿನ ಕಡೆ ಸರಿದಿತ್ತು. ಇದನ್ನು ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊರಗೆ ಮಿತಿಯೊಳಗಿದ್ದ ತೂತು ಒಳಗೆ ಮಿತಿ ದಾಟಿರಬಹುದು, ಪ್ಯಾಚ್ ಕೂರುವುದು ಒಳಗೆ. ಇಲ್ಲಿ ಆ ಲೆಕ್ಕ ಹಾಕಿದರೂ 30 ಮಿ.ಮೀ. ಉಳಿಯಿತು. ಗಾತ್ರ ನೋಡಲು 6 ಮಿ.ಮೀ. ಕಟ್ಟರ್ ತೂರಿಸಿದರೆ ಬಿಗಿಯಾಗಿ ಹೋಯಿತು. ಮಿತಿಯ ಅಂಚು, ಆದರೂ ಮಿತಿಯೊಳಗೆ. ಓರೆ 25 ಡಿಗ್ರಿ ಮೀರಿದ್ದರೆ ತೂತು ತುಂಬುವ ರಬ್ಬರ್ ಕಡ್ಡಿಯೂ ಒಳಗೆ ಅಂಟಿಸುವ ಪ್ಯಾಚೂ ಬೇರೆ ಬೇರೆಯಾಗಿ ಹಾಕುವ ವಿಧಾನ ಬೇಕಾಗುತ್ತಿತ್ತು, ಅದೂ ಬೇಕಾಗಲಿಲ್ಲ. ಸ್ಟ್ರಿಪ್ ಸೋರಿದ್ದಕ್ಕೂ ಕಾರಣ ಕಂಡಿತು: ಸ್ಕ್ರೂವಿನ ಮರೆ ಕೊರೆದ ಗೀರುಗಳಲ್ಲಿ ಅದು ಕೂತಿರಲಿಲ್ಲ.

ಹುಡುಗ ಮಶ್ರೂಮ್ ಪ್ಯಾಚಿನ (ಕಡ್ಡಿಯೂ ಪ್ಯಾಚೂ ಒಂದೇ ಆಗಿರುವ, ಅಣಬೆಯಾಕಾರದ್ದು) ಡಬ್ಬ ತೆಗೆದ. ಹಿರಿಯರು ತಡೆದು ಟೈರಿನೊಳಗೆ ಟಾರ್ಚ್ ಬಿಟ್ಟು ಕೇಳಿದ್ದು ತೂತಿನ ಬಗ್ಗೆ ಅಲ್ಲ: “ಗಾಳಿ ಕಮ್ಮಿ ಇದ್ದಾಗ ಎಷ್ಟು ದೂರ ಓಡ್ಸಿದ್ರಿ ಸಾರ್?”

ಹಿರಿಯೂರಿಂದ ಶಿರಾವರೆಗೆ ಎಂದರೆ 40 ಕಿ.ಮೀ. ಆಸುಪಾಸು. ಪ್ರಶ್ನೆ ಬಂದ ಮೇಲೆಯೇ ಬಿಸಿ ಸೈಡ್‌ವಾಲ್ ನೆನಪಾದದ್ದು.

ಪುಡಿಯ ಸಾಕ್ಷಿ

ಟೈರಿನ ತಳದಲ್ಲಿ ಒಂದು ಚಮಚದಷ್ಟು ಕಪ್ಪು ಪುಡಿ ಇತ್ತು. ರಬ್ಬರ್ ಪುಡಿ ಕಂಡಾಕ್ಷಣ ಟೈರ್ ಸತ್ತಿದೆ ಎಂದು ಹೇಳುವವರೂ ಇದ್ದಾರೆ, ಅದು ಅವಸರ. ರೀಮರ್ ಉಜ್ಜಿದಾಗಲೂ ಪುಡಿ ಬೀಳುತ್ತದೆ. ಟೈರ್ ಕೂರಿಸುವಾಗ ಸೇರಿದ ಧೂಳು, ಒಣಗಿದ ಸೀಲಂಟ್ (ತೂತು ಮುಚ್ಚಲು ಒಳಗೆ ಹಾಕುವ ದ್ರವ), ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಸಿಂಪಡಿಸಿದ ದ್ರಾವಣದ ಪೊರೆ, ಇವೂ ಒಳಗೆ ಕಾಣುತ್ತವೆ. ಹಾಗಾಗಿ ಹಿರಿಯರು ಎರಡು ಪರೀಕ್ಷೆ ಮಾಡಿದರು.

ಒಂದು, ಪುಡಿ ಎಲ್ಲಿದೆ ಎಂಬುದು. ರೀಮರಿನ ಪುಡಿಯಾದರೆ ತೂತಿನ ಸುತ್ತ ಜಾಸ್ತಿ ಇರಬೇಕು, ಸ್ವಲ್ಪ ಚೆದುರಿರಬಹುದು. ಇಲ್ಲಿ ಸುತ್ತಲೂ ಸಮನಾಗಿ, ಸೈಡ್‌ವಾಲ್ ಬುಡದಲ್ಲಿ ಸಾಲಾಗಿ ಕೂತಿತ್ತು. ಎರಡು, ಪುಡಿ ಒರೆಸಿದ ಮೇಲೆ ಅಡಿಯಲ್ಲಿ ಏನಿದೆ ಎಂಬುದು. ಬಟ್ಟೆಯಲ್ಲಿ ಒರೆಸಿದರೆ ಸೈಡ್‌ವಾಲ್ ಒಳಮೈಯಲ್ಲಿ, ರಿಮ್ ಅಂಚಿನಿಂದ ನಾಲ್ಕು ಬೆರಳು ಮೇಲೆ, ಬೆರಳಗಲದ ಪಟ್ಟಿಯೊಂದು ಟೈರಿನ ಸುತ್ತಿನ ಮುಕ್ಕಾಲು ಭಾಗಕ್ಕೆ ಹರಡಿತ್ತು. ಅಲ್ಲಿ ಲೈನರಿನ ಹೊಳಪು ಹೋಗಿ ಮಂಕಾಗಿತ್ತು, ಕೆಲವು ಕಡೆ ನೀಲಿ ಛಾಯೆ, ಉಗುರಿಗೆ ಸಿಗುವಂಥ ಸಣ್ಣ ಸುಕ್ಕು. ಒಂದು ಕಡೆಯಂತೂ ಲೈನರ್ ಎಷ್ಟು ಸವೆದಿತ್ತೆಂದರೆ ಅಡಿಯ ದಾರದ ಎಳೆಗಳ ಗೆರೆ ಬೆರಳಿಗೆ ಎಣಿಸಲು ಸಿಗುತ್ತಿತ್ತು. ಹೊರಗಿನಿಂದ ನೋಡಿದರೆ? ಸೈಡ್‌ವಾಲ್ ಅಚ್ಚುಕಟ್ಟಾಗಿತ್ತು. ತೆಳುವಾದ ಒಂದು ಉಜ್ಜಿದ ಗೆರೆ ಬಿಟ್ಟರೆ ಊದಿರಲಿಲ್ಲ, ಬಿರುಕಿರಲಿಲ್ಲ.

ಗಾಡಿಯವರು ಸುಲಭಕ್ಕೆ ಒಪ್ಪಲಿಲ್ಲ. “ನೀವೂ ಟೈರ್ ಮಾರೋರೇ ತಾನೆ?” ಎಂದು ಕೇಳಿಯೇಬಿಟ್ಟರು. ಹಿರಿಯರು ವಾದ ಮಾಡದೆ ಬಲಗಡೆ ಮುಂದಿನ ಟೈರನ್ನೂ ಬಿಡಿಸಿ ಪಕ್ಕದಲ್ಲಿಟ್ಟರು. ಅದೇ ಕಂಪನಿ, ಅದೇ 2321, ಅಷ್ಟೇ ಓಡಿದ್ದು. “ಇದರೊಳಗೆ ಕೈ ಹಾಕಿ, ಆಮೇಲೆ ಅದರೊಳಗೆ ಹಾಕಿ” ಅಂದರು. ಮೊದಲನೆಯದರಲ್ಲಿ ಅಚ್ಚಿನ ಗೆರೆಗಳು ಹೊಸದರಂತೆ ಚೂಪಾಗಿ, ಮೈ ನುಣುಪಾಗಿ ಇತ್ತು. ಬೆರಳಿಗೆ ಪುಡಿ ಹತ್ತಲಿಲ್ಲ. ಎರಡನೆಯದರಲ್ಲಿ ಪಟ್ಟಿಯ ಮೇಲೆ ಬೆರಳು ತಡವರಿಸಿತು, ಹೊರಗೆ ತೆಗೆದಾಗ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಗ್ರಾಹಕರಿಗೆ ಸೈಡ್‌ವಾಲ್ ಹಾನಿ ತೋರಿಸಲು ಇದಕ್ಕಿಂತ ನೇರ ದಾರಿ ಇಲ್ಲ. ಒಳ್ಳೆಯ ಟೈರಿನ ಒಳಮೈ ಹೇಗಿರುತ್ತದೆಂದು ನೋಡದವರಿಗೆ ಕೆಟ್ಟದ್ದನ್ನು ಒಂಟಿಯಾಗಿ ತೋರಿಸಿದರೆ ಏನೂ ತಿಳಿಯುವುದಿಲ್ಲ.

ಆದದ್ದು ಇಷ್ಟು. ನಾಲ್ಕು ಜನರ ಭಾರ ಹೊತ್ತ ಟೈರಿನಲ್ಲಿ ಗಾಳಿ ಮೂರನೇ ಒಂದಕ್ಕೆ ಇಳಿದಾಗ ಭಾರವೆಲ್ಲ ಸೈಡ್‌ವಾಲಿಗೆ ಬಿತ್ತು. ಪ್ರತಿ ಸುತ್ತಿಗೂ ಅದು ಅತಿಯಾಗಿ ಮಡಚಿಕೊಂಡಿತು. 621 ಮಿ.ಮೀ. ಎತ್ತರದ ಚಕ್ರ ಒಂದು ಕಿ.ಮೀ.ಗೆ 500ಕ್ಕೂ ಹೆಚ್ಚು ಸಲ ಉರುಳುತ್ತದೆ. ಕೊನೆಯ 20 ಕಿ.ಮೀ. ಹೀಗೆ ಓಡಿದೆ ಎಂದುಕೊಂಡರೂ 10,000 ಸಲ ಮಡಚಿದಂತಾಯಿತು. ಮಡಚಿದಷ್ಟೂ ಕಾವು, ಕಾವಿಗೆ ರಬ್ಬರು ಮತ್ತು ಪಾಲಿಯೆಸ್ಟರ್ ದಾರದ ನಡುವಿನ ಹಿಡಿತ ಸಡಿಲ. ಈ ಹಾನಿ ತಣ್ಣಗಾದ ಮೇಲೆ ವಾಪಸ್ ಬರುವಂಥದ್ದಲ್ಲ, ಯಾವ ಪ್ಯಾಚೂ ಮುಚ್ಚುವಂಥದ್ದಲ್ಲ. ನಿಗದಿತ ಒತ್ತಡದ ಶೇ. 80ಕ್ಕಿಂತ ಕೆಳಗೆ ಓಡಿದ ಟೈರನ್ನು ಅನುಮಾನದಿಂದಲೇ ನೋಡಬೇಕು ಎಂಬುದು ಲಾರಿ ಟೈರ್ ಕೆಲಸದವರ ರೂಢಿ. 33ರ ಶೇ. 80 ಎಂದರೆ 26. ಇಲ್ಲಿ ಇದ್ದದ್ದು 11.

“ಊರೊಳಗೆ ನಿಧಾನಕ್ಕೆ ಓಡಿಸಿಕೊಂಡ್ರೆ?” ಎಂಬ ಪ್ರಶ್ನೆಯೂ ಬಂತು, “ಸ್ಟೆಪ್ನಿಗೆ ಇಟ್ಕೊಂಡ್ರೆ?” ಎಂಬುದೂ. ಎರಡಕ್ಕೂ ಬೇಡ ಎಂದೇ ಉತ್ತರ. ಇಂಥ ಸೈಡ್‌ವಾಲ್ ಯಾವಾಗ ಬಿಡುತ್ತದೆಂದು ಗೇಜಿನಲ್ಲಿ ಕಾಣುವುದಿಲ್ಲ. 33 ಪಿಎಸ್‌ಐ ತೋರಿಸುತ್ತಲೇ ಇದ್ದು ಒಂದು ಬಿಸಿಲಿನ ದಿನ, ಲೋಡ್ ಇರುವಾಗ, ವೇಗದಲ್ಲಿ ಸೀಳುತ್ತದೆ. ಸ್ಟೆಪ್ನಿಯ ಕೆಲಸ ಬೀಳುವುದೂ ಹೆಚ್ಚಾಗಿ ಅಂಥ ಹೆದ್ದಾರಿಯಲ್ಲೇ. ಶಿರಾದಿಂದ ಬೆಂಗಳೂರಿಗೆ 100ರಲ್ಲಿ ಬಂದದ್ದನ್ನು ಈಗ ಯೋಚಿಸಿದರೆ ಮೈ ಜುಮ್ಮೆನ್ನಬೇಕು.

ಉಳಿದ ಟೈರ್

ಬಲಗಡೆ ಮುಂದಿನದು ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು: 3 ಮಿ.ಮೀ. ಮೊಳೆ, ನಡುಮಧ್ಯ, ನೆಟ್ಟಗೆ ಹೊಕ್ಕದ್ದು, ಒಳಮೈ ಸ್ವಚ್ಛ, ಹಿಂದೆ ರಿಪೇರಿ ಆಗಿಲ್ಲ. (ಹಳೆಯ ಪ್ಯಾಚ್ ಇದ್ದು ಹೊಸದು ಅದರ ಮೇಲೆ ಹತ್ತುವಂತಿದ್ದರೆ ಅಲ್ಲಿಗೇ ನಿಲ್ಲಿಸಬೇಕಿತ್ತು.) ಅದನ್ನು ರಿಪೇರಿ ಮಾಡಿದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ‘ಮಶ್ರೂಮ್ ಪ್ಯಾಚ್’ ಎಂಬ ಹೆಸರಿನಲ್ಲಿ ಅರ್ಧಂಬರ್ಧ ಕೆಲಸ ಬಹಳ ನಡೆಯುತ್ತದೆ.

ಮೊದಲು ತೂತಿನ ಸುತ್ತ ಲೈನರಿಗೆ ಕ್ಲೀನರ್ ಸಿಂಪಡಿಸಿ, ಒದ್ದೆ ಇರುವಾಗಲೇ ಸ್ಕ್ರೇಪರಿನಿಂದ ಕೆರೆದು ಅಚ್ಚಿನ ಪೊರೆ ತೆಗೆದರು. ಇದನ್ನು ಬಿಟ್ಟು ನೇರ ಉಜ್ಜಿದರೆ ಆ ಜಿಡ್ಡು ರಬ್ಬರಿಗೇ ಮೆತ್ತಿಕೊಂಡು ಪ್ಯಾಚ್ ಕೆಲವೇ ತಿಂಗಳಲ್ಲಿ ಏಳುತ್ತದೆ. ನಂತರ 4.5 ಮಿ.ಮೀ. ಕಾರ್ಬೈಡ್ ಕಟ್ಟರ್, 1,200 ಆರ್‌ಪಿಎಂ ಮೀರದ ನಿಧಾನದ ಡ್ರಿಲ್‌ನಲ್ಲಿ, ಒಳಗಿನಿಂದ ಮೂರು ಸಲ, ಹೊರಗಿನಿಂದ ಮೂರು ಸಲ. ಕಡಿದುಹೋದ ಉಕ್ಕಿನ ಎಳೆಗಳ ಮೊನೆ ಇದರಿಂದ ನುಣುಪಾಗುತ್ತದೆ. ಇಲ್ಲದಿದ್ದರೆ ಅವು ಒಳಗಿನ ಕಡ್ಡಿಯನ್ನು ಕೊರೆಯುತ್ತಲೇ ಇರುತ್ತವೆ.

ಪ್ಯಾಚನ್ನು ಇಟ್ಟು ಸುತ್ತ ಒಂದು ಸೆಂ.ಮೀ. ಹೆಚ್ಚು ಬಿಟ್ಟು ಗುರುತು ಹಾಕಿ, ಆ ಜಾಗವನ್ನು 5,000 ಆರ್‌ಪಿಎಂ ಒಳಗಿನ ಬಫರ್‌ನಲ್ಲಿ ಮಖಮಲ್ಲಿನಂತೆ ಆಗುವವರೆಗೆ ಉಜ್ಜಿದರು. ಸಾಮಾನ್ಯ ಆಂಗಲ್ ಗ್ರೈಂಡರ್‌ನಲ್ಲಿ ಉಜ್ಜಿದರೆ ರಬ್ಬರ್ ಸುಟ್ಟು ಗಾಜಿನಂತಾಗುತ್ತದೆ, ಅಂಟು ಹಿಡಿಯುವುದಿಲ್ಲ. ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆದರು. ಕಂಪ್ರೆಸರ್ ಗಾಳಿಯಲ್ಲಿ ಊದುವುದು ಬೇಡ, ಅದರಲ್ಲಿ ಎಣ್ಣೆಯೂ ನೀರಿನ ಪಸೆಯೂ ಇರುತ್ತದೆ.

ಸೊಲ್ಯೂಷನ್ (ಪ್ಯಾಚಿನ ಅಂಟು) ತೆಳ್ಳಗೆ ಒಂದೇ ಪದರ, ತೂತಿನೊಳಗೂ ಸೇರಿ. ಒಣಗಲು 3ರಿಂದ 5 ನಿಮಿಷ ಸಾಕು ಎಂದು ಡಬ್ಬದ ಮೇಲಿದ್ದರೂ ಮಳೆಗಾಲವಾದ್ದರಿಂದ ಹತ್ತಿರ ಹತ್ತಿರ ಹತ್ತು ನಿಮಿಷ ಕಾದರು. ಬೆರಳ ಹಿಂಬದಿ ಮುಟ್ಟಿಸಿದರೆ ಅಂಟಂಟಾಗಿ ಇರಬೇಕು, ಒದ್ದೆ ಇರಬಾರದು. ಬೇಗ ಆಗಲಿ ಎಂದು ಫ್ಯಾನ್ ಹಿಡಿಯುವುದು, ಬೆಂಕಿ ತೋರಿಸುವುದು ಎಲ್ಲ ಕೆಟ್ಟ ರೂಢಿ. ಮೇಲ್ಪದರ ಮಾತ್ರ ಒಣಗಿ ಅಡಿಯಲ್ಲಿ ದ್ರಾವಕ ಸಿಕ್ಕಿಕೊಳ್ಳುತ್ತದೆ.

ಮಶ್ರೂಮಿನ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ತೂರಿಸಿ, ಪ್ಯಾಚ್ ಲೈನರಿಗೆ ತಾಗಿ ನಡುವೆ ಸಣ್ಣ ಗುಳಿ ಬೀಳುವವರೆಗೆ ಎಳೆದು, ಪ್ಯಾಚ್ ಮೇಲಿನ ಬಾಣದ ಗುರುತು ಟೈರಿನ ಎರಡೂ ಅಂಚಿನ ಕಡೆ ಇರುವಂತೆ ನೋಡಿಕೊಂಡು, ಸ್ಟಿಚರ್ ಎಂಬ ಹಲ್ಲಿನ ಚಕ್ರದಲ್ಲಿ ನಡುವಿನಿಂದ ಅಂಚಿಗೆ ಬಲವಾಗಿ ಉರುಳಿಸಿದರು. ನಡುವಿನಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾಚ್ ಹೊರಗೆ ಉಜ್ಜಿದ ಉಳಿದ ಭಾಗಕ್ಕೆ ಲೈನರ್ ಸೀಲರ್ ಬಳಿದು, ಹೊರಗಿನ ಕಡ್ಡಿಯನ್ನು ಎಳೆಯದೆ ಟ್ರೆಡ್‌ಗಿಂತ 3 ಮಿ.ಮೀ. ಮೇಲೆ ಕತ್ತರಿಸಿದರು. ಚಾಕ್‌ಪೀಸ್ ಗುರುತಿಗೆ ಸರಿಯಾಗಿ ರಿಮ್ ಕೂರಿಸಿ, 33 ತುಂಬಿ, ಸೋಪಿನ ನೀರು ಹಾಕಿ ನೋಡಿ, ಬ್ಯಾಲೆನ್ಸ್ ಮಾಡಿದರು. ಒಟ್ಟು 50 ನಿಮಿಷ. ಹತ್ತು ನಿಮಿಷದಲ್ಲಿ ‘ಮಶ್ರೂಮ್ ಹಾಕಿದ್ದೇವೆ’ ಎಂದರೆ ಮೇಲಿನ ಯಾವುದೋ ಎರಡು ಮೂರು ಕೆಲಸ ಬಿಟ್ಟಿದ್ದಾರೆ ಎಂದೇ ತಿಳಿಯಬೇಕು.

ಒಂದೋ ಎರಡೋ

ಸತ್ತ ಟೈರಿನ ಜಾಗಕ್ಕೆ ಒಂದು ಹೊಸದು ಸಾಕೇ? ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಟ್ರೆಡ್, ಅದರ ಜೋಡಿಯಲ್ಲಿ 4.2. ಒಂದೇ ಆಕ್ಸಲ್‌ನಲ್ಲಿ ಇಷ್ಟು ವ್ಯತ್ಯಾಸವಿದ್ದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಎರಡು ಪಕ್ಕದ ಹಿಡಿತ ಬೇರೆ ಬೇರೆ. ಗಾಡಿಯವರು ಯೋಚಿಸಿ ಒಂದು ಜೋಡಿಯನ್ನೇ ಕೊಂಡು ಹಿಂದಕ್ಕೆ ಹಾಕಿಸಿದರು. ಮುಂದಕ್ಕೆ ಹಾಕಿ ಎನ್ನುವವರು ಬಹಳ, ಎಂಜಿನ್ ಎಳೆಯುವುದು ಮುಂದಿನಿಂದ ಎಂಬ ಕಾರಣಕ್ಕೆ. ಆದರೆ ನೀರು ನಿಂತ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ಎತ್ತಿದರೆ ಹಿಡಿತ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಸುತ್ತುತ್ತದೆ, ಸಾಮಾನ್ಯ ಚಾಲಕನ ಕೈಗೆ ಸಿಗುವುದಿಲ್ಲ. ಉಳಿದ 4.2 ಮಿ.ಮೀ. ಟೈರ್ ಮುಂದೆ ಎಡಕ್ಕೆ ಹೋಯಿತು, ಅಲ್ಲಿದ್ದ 3.7ರದ್ದು ಮನೆಯ ಅಟ್ಟಕ್ಕೆ.

ಅಂದರೆ ಶೋರೂಮಿನವರು ಹೇಳಿದ ಎರಡು ಟೈರನ್ನೇ ಕೊನೆಗೆ ಕೊಂಡಂತಾಯಿತು. ಅವರ ತೀರ್ಮಾನ ಸರಿಯಿತ್ತು, ಕೊಟ್ಟ ಕಾರಣ ತಪ್ಪಿತ್ತು. ಇದನ್ನು ಕಾಕತಾಳೀಯ ಎನ್ನದೆ ವಿಧಿಯಿಲ್ಲ. ಅದೇ ಶೋರೂಮಿಗೆ 28 ಪಿಎಸ್‌ಐ ಇರುವಾಗಲೇ ನಿಲ್ಲಿಸಿದ ಟೈರನ್ನು ತಂದಿದ್ದರೂ ಅದೇ ‘ಶೋಲ್ಡರ್’ ಕಾರಣ ಹೇಳಿ ಎರಡು ಟೈರ್ ಮಾರುತ್ತಿದ್ದರು, ಆಗ ಅದು ಅನ್ಯಾಯವಾಗುತ್ತಿತ್ತು.

ಎಲ್ಲಿ ಬೇರೆಯಾಗಬಹುದಿತ್ತು

ಟೈರ್ ಉಳಿಸುವ ಅವಕಾಶವಿದ್ದದ್ದು ಹಿರಿಯೂರಿನಲ್ಲಿ, ಮತ್ತು ಹಿಂಭಾಗ ತೇಲಿದ ಆ ಕ್ಷಣದಲ್ಲಿ. ಆಗಲೇ ನಿಲ್ಲಿಸಿದ್ದರೆ ಬಹುಶಃ ಸ್ಟೆಪ್ನಿ ಹಾಕಿ, ಬೆಂಗಳೂರಿಗೆ ಬಂದು, 6 ಮಿ.ಮೀ. ಮಶ್ರೂಮಿನಲ್ಲಿ ಮುಗಿಯುತ್ತಿತ್ತು. ಶಿರಾ ತಲುಪಿದ ಮೇಲೆ ಟೈರನ್ನು ಉಳಿಸುವಂತಿರಲಿಲ್ಲ, ಜನರನ್ನು ಅಪಾಯದಿಂದ ತಪ್ಪಿಸುವುದಷ್ಟೇ ಉಳಿದಿತ್ತು. ಅದಕ್ಕೆ ಲಗೇಜು ಇಳಿಸಿ, ಬಂಕ್‌ನಲ್ಲೇ ಸ್ಟೆಪ್ನಿಗೆ ಗಾಳಿ ತುಂಬಿಸಿ, 80ರಲ್ಲಿ ಬರುವುದು ಸರಿಯಾದ ದಾರಿ.

ಈಗ ಹೊಸ ಗಾಡಿಗಳಲ್ಲಿ ಸ್ಟೆಪ್ನಿಯೇ ಇಲ್ಲದಿರುವುದುಂಟು. ಟಿಪಿಎಂಎಸ್ ಮತ್ತು ಟೈರ್ ರಿಪೇರಿ ಕಿಟ್ ಕೊಟ್ಟರೆ ಸ್ಟೆಪ್ನಿ ಬಿಡಬಹುದೆಂದು 2020ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿದೆ. ಅಂಥ ಗಾಡಿಯವರಿಗೆ ಎರಡು ಮಾತು. ಟಿಪಿಎಂಎಸ್ ದೀಪ ಹತ್ತಿದಾಗ ‘ಮುಂದಿನ ಊರಲ್ಲಿ ನೋಡೋಣ’ ಎನ್ನಬೇಡಿ, ಗೇಜ್ ಹಾಕಿ ಆ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ರಿಪೇರಿಯವರಿಗೆ ಎಷ್ಟು ಪಿಎಸ್‌ಐನಲ್ಲಿ ಎಷ್ಟು ಕಿ.ಮೀ. ಓಡಿತು ಎಂಬುದು ತೂತಿಗಿಂತ ಮುಖ್ಯ ಮಾಹಿತಿ. ಸೀಲಂಟ್ ಹಾಕಿದ್ದರೆ ಬಿಚ್ಚುವ ಮುಂಚೆಯೇ ಹೇಳಿ. ಅದು ಒಳಮೈಗೆ ಮೆತ್ತಿಕೊಂಡರೆ ಪುಡಿಯೂ ಕಾಣುವುದಿಲ್ಲ, ಸುಕ್ಕೂ ಕಾಣುವುದಿಲ್ಲ, ತೊಳೆದೇ ನೋಡಬೇಕು.

ವರ್ಕ್‌ಶಾಪಿನವರು ಸತ್ತ ಟೈರನ್ನು ಗಾಡಿಯವರಿಗೆ ವಾಪಸ್ ಕೊಡುವ ಮುಂಚೆ ಒಪ್ಪಿಗೆ ಕೇಳಿ ಎರಡೂ ಸೈಡ್‌ವಾಲನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. 4 ಮಿ.ಮೀ. ಟ್ರೆಡ್ ಇರುವ, ಹೊರಗಿನಿಂದ ಚೆನ್ನಾಗಿ ಕಾಣುವ ಟೈರ್ ಹಾಗೇ ಗುಜರಿಗೆ ಹೋದರೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಪಾಲಿಶ್ ಹಚ್ಚಿಸಿಕೊಂಡು ಇನ್ನೊಬ್ಬರ ಗಾಡಿಗೆ ಏರುತ್ತದೆ.